ಕಂಡಕ್ಟರಿಗೆ ‘ರಿ’ ಹಚ್ಚದ ಮಗಳು

ಈಗ ಸಂಜೆ ಆರು ಗಂಟೆ, ಗೆಳೆಯರೆ. ಹೆಂಡತಿ ತೀರಿಹೋದ ಮೇಲೆ ಇಂದು ಬೆಳಿಗ್ಗೆ ಮೊದಲ ಸಲ ನಾನೊಬ್ಬನೇ ಮಗಳು ಗಿರಿಜಾಳನ್ನು ದೊಡವಾಡದಿಂದ ಬೈಲಹೊಂಗಲದ ತರಗತಿಗೆ ಬಸ್ಸಿನಲ್ಲಿ ಕರೆದೊಯ್ದೆ. ಆಟಿಸಂ ಇರುವ ಅವಳು ಕೇಳಿದ ಮಾತನ್ನೇ ತಿರುಗಿ ಹೇಳುತ್ತಾಳೆ.

ಕಂಡಕ್ಟರ್ ಅವಳನ್ನು ಕೇಳಿದ, “ಎಲ್ಲಿಗಿ ಹೊಂಟೀ?”

“ಎಲ್ಲಿಗಿ ಹೊಂಟೀ?” ಅಂದಳು.

“ನನ್ನ ಅಣಕಸ್ತೀ? ದೊಡ್ಡಾವರಿಗೆ ರಿ ಹಚ್ಚಾಕ ಬರೂದಿಲ್ಲೇನ? ಇಳಿ ಕೆಳಗ.” ಸೀಟಿ ಊದಿಯೇ ಬಿಟ್ಟ.

ನಾನು ಎದ್ದು ನಿಂತೆ. “ಆಕಿಗಿ ಆಟಿಸಂ ಐತ್ರಿ. ನೀವು ಹೆಂಗ ಕೇಳತೀರಿ ಹಂಗ ಹೇಳತಾಳ. ರಿ ಬೇಕಂದ್ರ ಮೊದಲ ನೀವ ಹಚ್ರಿ.”

ಇಡೀ ಬಸ್ಸು ನಕ್ಕಿತು. ಕೊನೆಗೆ ಅವನೂ ನಕ್ಕ. “ಎಲ್ಲಿಗಿ ಹೊಂಟೀರಿ, ಅಕ್ಕಾರ?”

“ಎಲ್ಲಿಗಿ ಹೊಂಟೀರಿ, ಅಕ್ಕಾರ?”

ನನ್ನ ಎದೆ ಹಗುರಾಯಿತು. ಬೈಲಹೊಂಗಲ ಬರುವವರೆಗೆ ಆ ದಪ್ಪ ಮೀಸೆಯ ಕಂಡಕ್ಟರ್ ಎಲ್ಲರ ಬಾಯಲ್ಲೂ ‘ಅಕ್ಕಾರ’ ಆಗಿದ್ದ. ನಾಳೆಯೂ ತರಗತಿ ಇದೆ, ಅದೇ ಬಸ್ಸು.