ಜಿಗಣೆ ಕ್ಯಾಪ್ಟನ್‌ಳ ಕೊನೆಯ ಷರತ್ತು

ಹಿಡಿದರೆ ಬಿಡುವವಳಲ್ಲ ಎಂಬ ಸಿಟ್ಟಿಗೆ ವಿಮಾನ ಕಂಪನಿಯ ಮೇಲಿನವರು ಆಕೆಗೆ ಜಿಗಣೆ ಎಂದು ಹೆಸರಿಟ್ಟಿದ್ದರು. ಪೈಲಟ್‌ಗಳು ಅದನ್ನೇ ಮೆಚ್ಚಿಕೊಂಡು ಜಿಗಣೆ ಕ್ಯಾಪ್ಟನ್ ಎಂದರು. ಸಂಬಳದ ಮಾತುಕತೆಗೆ ಪೈಲಟ್‌ಗಳ ಸಂಘದ ಪರವಾಗಿ ಯಾರು ಕೂರಬೇಕು ಎಂಬ ಪ್ರಶ್ನೆ ಬಂದಾಗ ಎಲ್ಲರೂ ಆಕೆಯ ಕಡೆಗೇ ತಿರುಗಿದರು. ಆಕೆ ಮರುಮಾತಿಲ್ಲದೆ ಒಪ್ಪಿಕೊಂಡಳು. ಏಕೆಂದರೆ ಕಂಪನಿಯ ಪರವಾಗಿ ಮೇಜಿನ ಆಚೆ ಕೂರುವವನು ಬೆಣ್ಣೆ ಎಂಬ ಅಡ್ಡಹೆಸರಿನವನು ಎಂದು ಅವಳಿಗೆ ಗೊತ್ತಿತ್ತು.

ಬೆಣ್ಣೆ ಹಿಂದೆ ಇದೇ ಸಂಘದ ಅಧ್ಯಕ್ಷನಾಗಿದ್ದವನು. ಮಾತು ಅಷ್ಟು ನುಣುಪು, ಅದಕ್ಕೇ ಆ ಹೆಸರು. ಅವನ ಮಾತು ನಂಬಿ ಪೈಲಟ್‌ಗಳು ಮುಷ್ಕರ ಹೂಡಿದ್ದರು. ಗೇಟಿನ ಮುಂದೆ ಗಂಟಲು ಹರಿಯುವಂತೆ ಕೂಗಿದವರಲ್ಲಿ ಅಲ್ಲೇ ಪೈಲಟ್ ಆಗಿದ್ದ ಆಕೆಯ ಗಂಡ ಮೊದಲಿಗ. ಆದರೆ ಬೆಣ್ಣೆ ಒಬ್ಬನೇ ಮಾಲೀಕರ ಕೋಣೆಗೆ ಹೋಗಿ ಒಪ್ಪಂದಕ್ಕೆ ಸಹಿ ಹಾಕಿ ಬಂದ. ಉಳಿದವರ ಸಂಬಳ ಏರಿತು, ಮುಂದೆ ನಿಂತವರ ಕೆಲಸ ಹೋಯಿತು. ಕೆಲವೇ ದಿನಗಳಲ್ಲಿ ಬೆಣ್ಣೆ ಕಂಪನಿಯ ಹಾರಾಟ ವಿಭಾಗದ ಮುಖ್ಯಸ್ಥನಾದ. ಗಂಡನನ್ನು ಬೇರೆ ಯಾವ ಕಂಪನಿಯೂ ಹತ್ತಿರ ಸೇರಿಸಲಿಲ್ಲ. ಆತ ಕಾರು ಕಲಿಸುವ ಶಾಲೆ ಸೇರಿದ. ಮನೆ ನಡೆಯಬೇಕಲ್ಲ, ಆಕೆ ಹಲ್ಲು ಕಚ್ಚಿಕೊಂಡು ಅಲ್ಲೇ ಉಳಿದಳು. ಎದುರಾದಾಗಲೆಲ್ಲ ಬೆಣ್ಣೆಗೆ ನಮಸ್ಕಾರ ಹೇಳಿದಳು.

ಮಾತುಕತೆ ನಡೆದದ್ದು ಕ್ಯಾಂಟೀನಿನ ಮೇಲಿನ ಕೋಣೆಯಲ್ಲಿ. ಎಸಿಯ ಚಳಿಗೆ ಚಹಾ ಕಪ್ಪಿನಲ್ಲೇ ಆರಿಹೋಗುತ್ತಿತ್ತು.

"ನಾವೆಲ್ಲ ಒಂದೇ ಮನೆಯವರು ಅಲ್ವೇನಮ್ಮ?" ಎಂದ ಬೆಣ್ಣೆ.

"ಹೌದು ಸರ್. ಕತ್ತು ಕುಯ್ಯೋಕೆ ಮನೆಯವರಿಗೇ ಸುಲಭ."

ಸಂಬಳ ಕುದುರಿತು, ವಿಶ್ರಾಂತಿಯ ಸಮಯವೂ ಕುದುರಿತು. ಬೆಣ್ಣೆ ಪೆನ್ನಿನ ಮುಚ್ಚಳ ತೆಗೆದ. ಆಗ ಆಕೆ ಕೊನೆಯ ಷರತ್ತು ಹೇಳಿದಳು: ಅಂದು ಕೆಲಸ ಕಳೆದುಕೊಂಡವರಿಗೆ ಪಿಂಚಣಿ ಕೊಡಬೇಕು, ಅವರನ್ನು ಮಾರಿ ಸಹಿ ಹಾಕಿದವರು ಎಲ್ಲ ಪೈಲಟ್‌ಗಳ ಮುಂದೆ ನಿಂತು ತಪ್ಪೊಪ್ಪಿಕೊಳ್ಳಬೇಕು.

ಬೆಣ್ಣೆಯ ಮುಖ ಸುಣ್ಣ ಬಳಿದಂತಾಯಿತು. ಈ ಒಪ್ಪಂದ ಮುಗಿಸಿಕೊಟ್ಟರೆ ಇಡೀ ಕಂಪನಿಯ ಚುಕ್ಕಾಣಿ ಅವನ ಕೈಗೆ ಎಂದು ಮಾಲೀಕರು ಮಾತು ಕೊಟ್ಟಿದ್ದರು. ಆ ಸುದ್ದಿ ಆಕೆಯ ಕಿವಿಗೂ ಬಿದ್ದಿತ್ತು.

"ಪಿಂಚಣಿ ಕೊಡಿಸ್ತೀನಿ. ಇನ್ನೊಂದು ಬಿಟ್ಬಿಡಮ್ಮ."

"ಅದೇ ಮೊದಲು ಬೇಕು."

ಮಾತುಕತೆ ಅಲ್ಲಿಗೆ ನಿಂತಿತು. ಆಗಷ್ಟೇ ತಂದೆಯಾಗಿದ್ದ ಸಹ ಪೈಲಟ್ ಒಬ್ಬ ಆಕೆಯನ್ನು ಮೆಟ್ಟಿಲ ಬಳಿ ತಡೆದ.

"ನೆಗಡಿ ಬಂತು ಅಂತ ಮೂಗು ಕುಯ್ಕೊಳ್ಳೋದಾ ಅಕ್ಕ? ನಿಮ್ಮ ಯಜಮಾನರ ಸೇಡಿಗೆ ನಮ್ಮ ಹೊಟ್ಟೆ ಮೇಲೆ ಯಾಕೆ ಹೊಡೀತೀರಿ?"

ಆಕೆಗೆ ಚುರುಕ್ಕೆಂದಿತು. ಮರುದಿನ ಸಂಘದ ಸಭೆ ಕರೆದು ಎದ್ದು ನಿಂತಳು. "ಇದರಲ್ಲಿ ನನ್ನ ಸ್ವಂತ ಸೇಡಿದೆ, ಬಚ್ಚಿಡಲ್ಲ. ಆದ್ರೆ ಅವತ್ತು ಅವರನ್ನ ಮಾರಿದೋನು ನಾಳೆ ನಿಮ್ಮನ್ನ ಮಾರಲ್ಲ ಅಂತ ನಂಬಿಕೆ ಇದ್ರೆ ಬೇಡ ಅನ್ನಿ. ಇವತ್ತೇ ಸಹಿ ಹಾಕಿ ಬರ್ತೀನಿ."

ಷರತ್ತಿನ ಪರವಾಗಿ ಕೈಗಳು ಎದ್ದವು. ಕೂದಲೆಳೆಯ ಅಂತರದಲ್ಲಿ ಷರತ್ತು ಉಳಿಯಿತು. ಸಹ ಪೈಲಟ್ ಕೈ ಎತ್ತಲಿಲ್ಲ.

ರಜೆಯ ದಿನಗಳ ಟಿಕೆಟ್‌ಗಳೆಲ್ಲ ಮಾರಾಟವಾಗಿದ್ದವು, ಇನ್ನೊಂದು ಮುಷ್ಕರವನ್ನು ಕಂಪನಿ ತಾಳುವಂತಿರಲಿಲ್ಲ. ಮಾಲೀಕರೇ ಕ್ಯಾಂಟೀನಿನ ಮೆಟ್ಟಿಲೇರಿ ಬಂದರು. ವಿಷಯ ಕೇಳಿ, "ಇಷ್ಟೇನಾ? ಹೇಳಿಬಿಡಪ್ಪ, ಮಾತಿಗೇನು ಕಾಸು ಕೊಡ್ಬೇಕಾ?" ಎಂದು ಬೆಣ್ಣೆಯ ಬೆನ್ನು ತಟ್ಟಿದರು. ಅವನು ದಯನೀಯವಾಗಿ ನೋಡಿದ. ಅವರು ಆಗಲೇ ಗಡಿಯಾರ ನೋಡಿಕೊಳ್ಳುತ್ತಿದ್ದರು.

ಬೆಣ್ಣೆ ತುಂಬಿದ ಸಭಾಂಗಣದಲ್ಲಿ ತಲೆ ತಗ್ಗಿಸಿ ಹೇಳಿದ: ನನ್ನನ್ನು ನಂಬಿದವರನ್ನು ನನ್ನ ಕುರ್ಚಿಗಾಗಿ ಮಾರಿದೆ.

"ಹಿಂದಿರೋರಿಗೆ ಕೇಳಿಸಲಿಲ್ಲ ಸರ್. ಇನ್ನೊಂದ್ಸಲ," ಎಂದಳು ಆಕೆ.

ಅವನು ಇನ್ನೊಂದು ಸಲ ಹೇಳಿದ. ಆಕೆ ಒಂದೊಂದು ಅಕ್ಷರವನ್ನೂ ಸವಿದಳು. ಆಮೇಲೆ ಸಹಿ ಹಾಕಿದಳು.

ಹಾಗೆ ಒಪ್ಪಿಕೊಂಡವನನ್ನು ಮೇಲಿನ ಕುರ್ಚಿಯಲ್ಲಿ ಕೂರಿಸಲು ಮಾಲೀಕರಿಗೂ ಮುಜುಗರವಾಯಿತು. ಚುಕ್ಕಾಣಿ ಹೊರಗಿನವನೊಬ್ಬನಿಗೆ ಹೋಯಿತು. ಬೆಣ್ಣೆ ರಾಜೀನಾಮೆ ಕೊಟ್ಟು ಮನೆ ಸೇರಿದ. ಮಾಡಿದ್ದುಣ್ಣೋ ಮಹರಾಯ ಎಂದು ಪೈಲಟ್‌ಗಳು ಆಡಿಕೊಂಡರು.

ಗಂಡ ಆ ಸಭೆಗೆ ಬಂದಿರಲಿಲ್ಲ. ಮನೆಯಲ್ಲಿ ಎಲ್ಲವನ್ನೂ ಕೇಳಿಸಿಕೊಂಡು, ತಟ್ಟೆ ತೊಳೆಯುತ್ತಲೇ ಹೇಳಿದ: "ನನ್ನನ್ನ ಒಂದು ಮಾತು ಕೇಳಿದ್ರೆ ಬೇಡ ಅಂತಿದ್ದೆ."

"ಅದಕ್ಕೇ ಕೇಳಲಿಲ್ಲ ರೀ."

ಆತ ನಲ್ಲಿ ನಿಲ್ಲಿಸಿ ಕೈ ಒರೆಸಿಕೊಂಡ. ಆಮೇಲೆ ಮೆಲ್ಲಗೆ, "ಎರಡು ಸಲ ಹೇಳಿಸಿದ್ಯಾ?" ಎಂದ.

"ಎರಡು ಸಲ."

"ಒಳ್ಳೇದಾಯ್ತು ಬಿಡು."

ಪಿಂಚಣಿ ಬಂದರೂ ಆತ ಕಾರು ಕಲಿಸುವುದನ್ನು ಬಿಟ್ಟಿಲ್ಲ. ಆಕೆ ಸಂಘದ ಕೆಲಸ ಬೇರೆಯವರಿಗೆ ಒಪ್ಪಿಸಿದ್ದಾಳೆ. ಆ ಸಹ ಪೈಲಟ್ ಈಗಲೂ ಕೆಲವೊಮ್ಮೆ ಆಕೆಯ ಪಕ್ಕದಲ್ಲಿ ಕೂತು ವಿಮಾನ ಹಾರಿಸುತ್ತಾನೆ. ಕೆಲಸದ ಮಾತು ಬಿಟ್ಟರೆ ತುಟಿ ಬಿಚ್ಚುವುದಿಲ್ಲ. ಆಕೆಯೂ ಮಾತಾಡಿಸಲು ಹೋಗುವುದಿಲ್ಲ.