ಸಿಗ್ನಲ್ ಸಿಕ್ಕಲ್ಲಿ ಊಟ

ಬಟ್ಟೆ ಒಗೆಯುವ ಮಷೀನಿನ ಮೇಲೆ ಒಂದು ಸ್ಟೀಲ್ ತಟ್ಟೆ. ಅದರಲ್ಲಿ ಮಡಚಿದ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಅರ್ಧ ಈರುಳ್ಳಿ. ಒಳಗೆ ಯಾರದೋ ಜೀನ್ಸ್ ಗಿರಗಿರ ತಿರುಗುತ್ತಿದ್ದುದರಿಂದ ತಟ್ಟೆ ಗಡಗಡ ನಡುಗುತ್ತಿತ್ತು. ಅದು ಬೀಳದ ಹಾಗೆ ಎಡಗೈಯಲ್ಲಿ ಒತ್ತಿ ಹಿಡಿದು, ಬಲಗೈಯಲ್ಲಿ ತುತ್ತೊಂದನ್ನು ಮೀಸೆಯವರೆಗೆ ಎತ್ತಿಕೊಂಡು, ತೆಳ್ಳಗಿನ, ಎತ್ತರದ ಮುದುಕರೊಬ್ಬರು ಸೋಪಿನ ಪುಡಿಯ ಡಬ್ಬಕ್ಕೆ ಒರಗಿಸಿದ್ದ ಫೋನನ್ನೇ ನೋಡುತ್ತ ನಿಂತಿದ್ದರು. ತುತ್ತು ಬಾಯಿಗೆ ಹೋಗುತ್ತಿರಲಿಲ್ಲ. ಫೋನಿನಲ್ಲಿ ಒಬ್ಬ ಅಜ್ಜಿಯ ಮುಖ ಕಣ್ಣು ಅರ್ಧ ಮುಚ್ಚಿದಂತೆ ನಿಂತುಬಿಟ್ಟಿತ್ತು.

"ಅಕ್ಕಾ, ಕಾಣಸ್ತೇನಿಲ್ಲೋ? ಅಕ್ಕಾ?"

ಸ್ವಲ್ಪ ಹೊತ್ತಾದ ಮೇಲೆ ಮುಖ ಅಲುಗಿತು. "ಈಗ ಕಾಣಸ್ತಿ," ಎಂದಿತು ಆ ಕಡೆಯ ದನಿ. "ಉಣ್ಣು."

ಅವರು ತುತ್ತನ್ನು ಬಾಯಿಗಿಟ್ಟುಕೊಂಡರು.

ನಾನು ಲಾಂಡ್ರಿಗೆ ಹೋದದ್ದೂ ಒಗೆಯಲಿಕ್ಕಲ್ಲ. ಬಗಲಲ್ಲಿ ಲ್ಯಾಪ್‌ಟಾಪ್ ಇತ್ತು. ಮೆಲ್ಬರ್ನಿನ ಅಂಚಿನ ಆ ಕ್ಯಾರವಾನ್ ಪಾರ್ಕಿನ ಬೋರ್ಡಿನಲ್ಲಿ 'ಫ್ರೀ ವೈಫೈ' ಎಂದು ದಪ್ಪಕ್ಷರದಲ್ಲಿ ಬರೆದಿದ್ದರು. ಸುಳ್ಳಲ್ಲ. ರಿಸೆಪ್ಷನ್ನಿನ ಮುಂದೆ ಇತ್ತು, ಲಾಂಡ್ರಿಯಲ್ಲಿ ಇತ್ತು. ಜನ ವಾಸವಿರುವ ಕ್ಯಾಬಿನ್‌ಗಳಲ್ಲಿ, ಕಾರಿನ ಹಿಂದೆ ಎಳೆದೊಯ್ಯುವ ಗಾಡಿಮನೆಗಳಾದ ಕ್ಯಾರವಾನುಗಳಲ್ಲಿ ಮಾತ್ರ ಇರಲಿಲ್ಲ. ಮೊಬೈಲ್ ನೆಟ್ ಅಂತೂ ಅಲ್ಲಿ ವಿಡಿಯೊ ಎಳೆಯುತ್ತಿರಲಿಲ್ಲ.

ಗಂಡನಿಗೆ ಮೆಲ್ಬರ್ನಿನಲ್ಲಿ ಕೆಲಸ ಸಿಕ್ಕಿತೆಂದು ಸಿಡ್ನಿಯ ಕೆಲ್ಲಿವಿಲ್‌ನ ಬಾಡಿಗೆ ಮನೆ ಬಿಟ್ಟು ಬಂದಿದ್ದೆವು. ಮೆಲ್ಬರ್ನಿನದೇ ಕ್ಲೈಡ್ ನಾರ್ತ್‌ನಲ್ಲಿ ಕಟ್ಟಿಸುತ್ತಿದ್ದ ನಮ್ಮ ಮನೆ ಗೋಡೆಯ ಮಟ್ಟಕ್ಕೆ ಬಂದು, ಬಿಲ್ಡರ್ ಕೈಯೆತ್ತಿ, ಹಾಗೇ ನಿಂತಿತ್ತು. ಬಾಡಿಗೆ ಮನೆಗೆ ಅರ್ಜಿ ಹಾಕಿ ಹಾಕಿ ಸೋತು ಪಾರ್ಕಿನ ಕ್ಯಾಬಿನ್ನಿಗೆ ಬಂದು ಬಿದ್ದಿದ್ದೆವು. ನನ್ನ ಆಫೀಸು ಸಿಡ್ನಿಯ ಚಾಟ್ಸ್‌ವುಡ್‌ನಲ್ಲೇ ಉಳಿದಿತ್ತು. ನೆಟ್ ಸರಿಯಾಗಿರುವವರೆಗೆ ಮನೆಯಿಂದ ಕೆಲಸ ಮಾಡಬಹುದು ಎಂದು ಮ್ಯಾನೇಜರ್ ಒಪ್ಪಿದ್ದಳು. ಸುಮ್ಮನೆ ಲಾಂಡ್ರಿಯಲ್ಲಿ ಕೂರಲು ಸಂಕೋಚವಾಗಿ, ಒಗೆದ ಬಟ್ಟೆಯನ್ನೇ ಮತ್ತೆ ಒಗೆಯಲು ಹಾಕಿ ಮೀಟಿಂಗ್ ಮಾಡುತ್ತಿದ್ದೆ. ನನ್ನ ಆಯುಸ್ಸಿನಲ್ಲಿ ಅಷ್ಟು ಬಟ್ಟೆ ಒಗೆದದ್ದು ಆ ಚಳಿಗಾಲದಲ್ಲೇ.

"ಕನ್ನಡದೋರಾ ಅಂಕಲ್ ನೀವು?" ಎಂದೆ.

"ಹುಬ್ಬಳ್ಳಿಯಂವ. ಅಂಕಲ್ ಅನಬ್ಯಾಡ ತಂಗಿ. ಈ ದೇಶದಾಗ ಕಂಡ ಕಂಡಾರೆಲ್ಲಾ ಅಂಕಲ್ಲ. ಕಾಕಾ ಅನ್ನು."

ಕಾಕಾನ ಮಗಳೂ ನಾವು ಬಿಟ್ಟು ಬಂದ ಕೆಲ್ಲಿವಿಲ್‌ನಲ್ಲಿದ್ದಳು. ಹೆಂಡತಿ ತೀರಿಕೊಂಡ ಮೇಲೆ ಅವರು ಕ್ಯಾರವಾನ್ ಕೊಂಡು, ಕಾಲು ಗಟ್ಟಿ ಇರುವಾಗಲೇ ದೇಶ ನೋಡುತ್ತೇನೆಂದು ಹೊರಟಿದ್ದರು. ನೋಡಿದ್ದು ದೇಶವನ್ನೋ ಸಿಗ್ನಲ್ಲನ್ನೋ ಅವರಿಗೇ ಗೊತ್ತಿರಲಿಲ್ಲ. ಸಮುದ್ರದ ದಡದ ಚೆಂದದ ಪಾರ್ಕುಗಳನ್ನು ಒಂದೇ ರಾತ್ರಿಗೆ ಬಿಟ್ಟು ಬಂದಿದ್ದರು. "ಸಮುದ್ರ ಚಲೋ ಇತ್ತವಾ. ಅಕ್ಕ ಕಾಣಸ್ಲಿಲ್ಲ," ಎನ್ನುತ್ತಿದ್ದರು. ಅಷ್ಟೇ ಕಾರಣ.

ಅಕ್ಕ ಧಾರವಾಡದಲ್ಲಿ ಮಗ ಸೊಸೆಯ ಜೊತೆ ಇದ್ದರು. ತಾಯಿ ಬೇಗ ಹೋಗಿ, ಕಾಕಾನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು ಅವರೇ. ಅವರ ಮನೆಯ ಪದ್ಧತಿಯಲ್ಲಿ ಎಲ್ಲರಿಗಿಂತ ಸಣ್ಣವನು ಮೊದಲು ಉಣ್ಣಬೇಕು, ಬಡಿಸಿದವಳು ಅದನ್ನು ಕಣ್ಣಾರೆ ಕಂಡು ಆಮೇಲೆ ಉಣ್ಣಬೇಕು. ಮಿಕ್ಕ ತಮ್ಮ ತಂಗಿಯರೆಲ್ಲ ಹೋಗಿ, ಕಾಕಾನ ಮೀಸೆ ಬೆಳ್ಳಗಾದರೂ ಅಕ್ಕನ ಲೆಕ್ಕದಲ್ಲಿ ಸಣ್ಣವನು ಅವರೇ. ಹಾಸಿಗೆ ಹಿಡಿದ ಮೇಲೆ ಅಕ್ಕನ ಹಟ ಇನ್ನೂ ಹೆಚ್ಚಾಗಿತ್ತು. ತಮ್ಮ ಫೋನಿನಲ್ಲಿ ಒಂದು ತುತ್ತು ತಿನ್ನುವುದನ್ನು ನೋಡದೆ ತಟ್ಟೆಗೆ ಕೈ ಹಾಕುತ್ತಿರಲಿಲ್ಲ. ಅಲ್ಲಿಯ ಮಧ್ಯಾಹ್ನದ ಊಟಕ್ಕೆ ಇಲ್ಲಿ ಸಂಜೆ ಆರು. ಬೇಸಿಗೆಯಲ್ಲಿ ಇಲ್ಲಿಯ ಗಡಿಯಾರ ಮುಂದೆ ಹೋಗಿ ಏಳು. "ಸರ್ಕಾರದವ್ರು ಗಡಿಯಾರ ತಿರುವ್ಯಾರ ಅಂತ ಹೇಳಿದ್ರ, ತಿರುವ್ಲಿ ಬಿಡು, ನನ್ನ ಹಸಿವಿ ತಿರುವಾಕ ಬರತೈತೇನು ಅಂತಾಳ," ಎಂದು ಕಾಕಾ ನಗುತ್ತಿದ್ದರು. ನೆಟ್ ಕೈಕೊಟ್ಟ ದಿನ ಮಾತ್ರ ನಗು ಇರುತ್ತಿರಲಿಲ್ಲ. ಧಾರವಾಡದಲ್ಲಿ ಒಂದು ತಟ್ಟೆ ಆರುತ್ತ ಕೂತಿರುತ್ತಿತ್ತು.

ಕೊನೆಗೆ ಅವರು ಲಾಂಡ್ರಿಯ ಸಹವಾಸ ಸಾಕೆಂದು ನೆಟ್ಟಿಗೆಂದು ತಮ್ಮದೇ ಸ್ಯಾಟಲೈಟ್ ಡಿಶ್ ತರಿಸಿದರು. ಅದಕ್ಕೆ ತೆರೆದ ಆಕಾಶ ಬೇಕು. ಅವರ ಜಾಗವೋ ಕೆರೆಯ ಪಕ್ಕ, ದೊಡ್ಡ ನೀಲಗಿರಿ ಮರದ ನೆರಳಲ್ಲಿ. ಇಡೀ ಪಾರ್ಕಿಗೇ ಒಳ್ಳೆಯ ಜಾಗ ಅದು. ಅದನ್ನು ಬಿಟ್ಟುಕೊಟ್ಟು ಕಸದ ಡಬ್ಬಗಳ ಪಕ್ಕದ ಬೋಳು ಮೂಲೆಗೆ ಕ್ಯಾರವಾನ್ ಎಳೆಸಿಕೊಂಡರು. ಪಾರ್ಕಿನ ಮ್ಯಾನೇಜರ್ ಎರಡೆರಡು ಸಲ ಕೇಳಿದನಂತೆ, ಆ ಮೂಲೆಯೇ ಬೇಕಾ ಎಂದು. ನಮ್ಮ ಕ್ಯಾಬಿನ್ ಅದರ ಎದುರಿಗೇ ಇತ್ತು. ಹೀಗೆ ಅವರ ದುರ್ವಾಸನೆಯ ಜಾಗ ನನ್ನ ಭಾಗ್ಯವಾಯಿತು.

ಡಿಶ್ ಕೂರಿಸಿದ ದಿನವೇ ಪಾಸ್‌ವರ್ಡ್ ಹೇಳಿದರು. ನನಗೊಬ್ಬಳಿಗಲ್ಲ, ಕೇಳಿದವರಿಗೆಲ್ಲ. "ಯಾರಿಗೂ ಕೊಡಬಾರದು ಕಾಕಾ, ಸ್ಪೀಡ್ ಡೌನ್ ಆಗುತ್ತೆ," ಎಂದೆ.

"ಮನಿಗೆ ಬಂದು ಮಜ್ಜಿಗಿ ಕೇಳಿದ್ರ ಇಲ್ಲ ಅಂತೀವೇನು?"

ಮಜ್ಜಿಗೆಗೆ ನೀರು ಬೆರೆಸಬಹುದು, ನೆಟ್ಟಿಗೆ ಏನು ಬೆರೆಸುತ್ತೀರಿ ಎಂದು ರೇಗಿದೆ. ಎರಡೇ ದಿನದಲ್ಲಿ ಇಡೀ ಸಾಲಿನವರು ಅದರಲ್ಲೇ ಸಿನಿಮಾ ನೋಡತೊಡಗಿದರು. ಸಂಜೆ ಆರಕ್ಕೆ ಫೋನಿನಲ್ಲಿ ಅಕ್ಕನ ಮುಖ ಮತ್ತೆ ಕಣ್ಣು ಅರ್ಧ ಮುಚ್ಚಿ ನಿಂತುಬಿಟ್ಟಿತು. ಕಾಕಾ ಪಾಸ್‌ವರ್ಡ್ ಬದಲಿಸಲಿಲ್ಲ. ಟೋಪಿ ಹಾಕಿಕೊಂಡು ಒಂದೊಂದೇ ಬಾಗಿಲು ತಟ್ಟುತ್ತ ಹೋದರು. "ಹಾಫ್ ಅವರ್, ಪ್ಲೀಸ್. ಮೈ ಸಿಸ್ಟರ್ ಈಸ್ ಈಟಿಂಗ್." ಟ್ರಕ್ ಓಡಿಸುವವನು, ನರ್ಸ್, ಬಿಯರ್ ಕ್ಯಾನ್ ಹಿಡಿದ ರಿಟೈರ್ಡ್ ಗಂಡ ಹೆಂಡತಿ, ಎಲ್ಲರೂ ಫೋನು ತಿರುಗಿಸಿಟ್ಟರು. ಅದೇ ರೂಢಿಯಾಯಿತು. ಆರಾಯಿತೆಂದರೆ ಆ ಸಾಲಿನಲ್ಲಿ ಯಾರೂ ನೆಟ್ ಮುಟ್ಟುತ್ತಿರಲಿಲ್ಲ. ಧಾರವಾಡದ ಮುದುಕಿಯೊಬ್ಬಳು ಊಟ ಮಾಡುತ್ತಿದ್ದಾಳೆಂದು ಇಲ್ಲಿ ಕಸದ ಡಬ್ಬಗಳ ಸುತ್ತ ಜನ ಕುರ್ಚಿ ಹಾಕಿಕೊಂಡು ಹರಟುತ್ತಿದ್ದರು.

ಆ ಚಳಿಗಾಲದ ಕೊನೆಗೆ ನನ್ನ ಸರದಿ ಬಂತು. ಆಫೀಸಿನಲ್ಲಿ ಹೊಸ ಸಿಸ್ಟಂ ಚಾಲೂ ಮಾಡುವ ಕೆಲಸ, ಸಂಜೆ ಐದೂವರೆಯಿಂದ, ನಡುವೆ ಕಡಿಯುವಂತಿಲ್ಲ. ಹಿಂದಿನ ಸಲ ಎರಡು ಬಾರಿ ಕಾಲ್ ಡ್ರಾಪ್ ಆಗಿತ್ತು. ಈ ಸಲವೂ ಹಾಗಾದರೆ ಚಾಟ್ಸ್‌ವುಡ್‌ಗೆ ವಾಪಸು ಬಾ, ಇಲ್ಲದಿದ್ದರೆ ಬೇರೆ ನೋಡಿಕೋ ಎಂದು ಮ್ಯಾನೇಜರ್ ನಯವಾಗಿಯೇ ಹೇಳಿದ್ದಳು. ಅರ್ಧ ನಿಂತ ಮನೆ, ಶುರುವಾಗಿಬಿಟ್ಟ ಮನೆಸಾಲದ ಕಂತು, ಹೊಸ ಶಾಲೆಯಲ್ಲಿ ಯಾರೊಡನೆಯೂ ಮಾತಾಡದ ಮಗಳು. ನನಗೆ ಅಳುವಷ್ಟೂ ಶಕ್ತಿ ಇರಲಿಲ್ಲ. ಆರು ಗಂಟೆ ಅಕ್ಕನದು, ಅದನ್ನು ಕೇಳುವ ಮಾತೇ ಇಲ್ಲ. ಗಂಡನೊಡನೆ ಮೆಟ್ಟಿಲ ಮೇಲೆ ಕೂತು ಇದನ್ನೆಲ್ಲ ಆಡಿಕೊಂಡದ್ದು ಎದುರಿನ ಕ್ಯಾರವಾನಿನಲ್ಲಿ ಕಾಕಾಗೆ ಕೇಳಿಸಿರಬೇಕು.

ಮಾರನೆಯ ದಿನ ಕಾಕಾ ಬಂದರು. "ಇವತ್ತ ನನ್ನ ಕ್ಯಾರವಾನ್‌ನ್ಯಾಗ ಕುಂತು ಕೆಲಸಾ ಮಾಡು. ಎಲ್ಲಾರಿಗೂ ಹೇಳಿ ಬಂದೀನಿ. ನಿನ್ನ ಕೆಲಸ ಮುಗಿಯೂ ಮಟಾ ಯಾರೂ ಮುಟ್ಟಂಗಿಲ್ಲ."

"ಅಕ್ಕ?"

"ಅಕ್ಕಗ ಹೇಳೀನಿ. ಇವತ್ತ ಲಗೂನ ಉಣತಾಳ."

ನಂಬಿದೆ. ನಂಬುವುದು ನನಗೆ ಅನುಕೂಲವಾಗಿತ್ತು. ಅವರ ಪುಟ್ಟ ಮೇಜಿನಲ್ಲಿ ಲ್ಯಾಪ್‌ಟಾಪ್ ಇಟ್ಟು ಕೂತೆ. ಒಮ್ಮೆಯೂ ಕಡಿಯಲಿಲ್ಲ. ಕೆಲಸ ಮುಗಿದು ಮ್ಯಾನೇಜರ್ ಥ್ಯಾಂಕ್ಸ್ ಹೇಳಿದಾಗ ಕಿಟಕಿಯಾಚೆ ಕತ್ತಲಾಗಿತ್ತು. ಕಾಕಾನನ್ನು ಹುಡುಕಿಕೊಂಡು ಹೊರಟೆ. ಲಾಂಡ್ರಿಯ ದೀಪ ಉರಿಯುತ್ತಿತ್ತು.

ಮಷೀನಿನ ಮೇಲೆ ಅದೇ ತಟ್ಟೆ. ಡಿಶ್ ಮುಟ್ಟದ ಸಾಲಿನವರೆಲ್ಲ ಪಾರ್ಕಿನ ವೈಫೈಗೆ ಬಿದ್ದಿದ್ದರಿಂದ ಅದು ಎಂದಿಗಿಂತ ಹದಗೆಟ್ಟಿತ್ತು. ಕಾಕಾ ಫೋನನ್ನು ಕಿಟಕಿಗೆ ಹಿಡಿಯುವರು, ಬಾಗಿಲಿಗೆ ಹಿಡಿಯುವರು, ತುತ್ತೆತ್ತಿ ಕಾಯುವರು, ಇಳಿಸುವರು. ರೊಟ್ಟಿಯ ಅಂಚು ಒಣಗಿ ಮೇಲೆದ್ದಿತ್ತು. ನಾನು ಬಾಗಿಲಲ್ಲಿ ನಿಂತಿರುವಾಗಲೇ ಆ ಕಡೆಯ ದನಿ ಬಂತು. "ಈಗ ಕಾಣಸ್ತಿ. ಉಣ್ಣು."

ಉಂಡರು. ತಿರುಗಿ ನನ್ನನ್ನು ನೋಡಿ, "ನಿಂದು ಆತೇನು?" ಎಂದರು.

"ಸುಳ್ಳು ಯಾಕೆ ಹೇಳಿದ್ರಿ ಕಾಕಾ?"

"ಖರೇ ಹೇಳಿದ್ರ ನೀ ಕುಂದರತಿದ್ದೇನು?" ಎಂದು ತಟ್ಟೆ ತೊಳೆಯಲು ಹೋದರು. ನಾನು ಲಾಂಡ್ರಿಯ ಬೆಂಚಿನ ಮೇಲೆ ಕೂತು ಅತ್ತೆ. ಸುಸ್ತಿಗೋ, ನಾಚಿಕೆಗೋ, ಆ ಮನುಷ್ಯನ ಮೇಲಿನ ಪ್ರೀತಿಗೋ, ಎಲ್ಲಕ್ಕೂ ಇರಬೇಕು.

ಮುಂದೆ ಬೇರೆ ಬಿಲ್ಡರ್ ಸಿಕ್ಕಿ ನಮ್ಮ ಮನೆ ಎದ್ದಿತು. ಕಾಕಾ ಮಗಳ ಮನೆಗೆಂದು ಸಿಡ್ನಿಗೆ ಹೋದರು. ಹೋದ ವರ್ಷ ಅಲ್ಲೇ, ಬೆಳಗಿನ ಚಹಾ ಕುಡಿದು ಕುರ್ಚಿಯಲ್ಲಿ ಒರಗಿದವರು ಏಳಲಿಲ್ಲ.

ನಾನು ಸಿಡ್ನಿಗೆ ಹೋದೆ. ಅಂತ್ಯಕ್ರಿಯೆ ಮುಗಿಸಿ ಕೆಲ್ಲಿವಿಲ್‌ನ ಕಾಕಾನ ಮಗಳ ಮನೆಗೆ ಬಂದಾಗ ಸಂಜೆಯಾಗಿತ್ತು. ಧಾರವಾಡದಿಂದ ಅಕ್ಕನ ಸೊಸೆಯ ಫೋನ್ ಬಂತು. ಸುದ್ದಿ ತಿಳಿದಾಗಿನಿಂದ ಅಕ್ಕ ಅನ್ನ ಮುಟ್ಟಿಲ್ಲ. ಸಣ್ಣಾಂವ ಉಣ್ಣದ ನಾ ಹ್ಯಾಂಗ ಉಣ್ಣಲಿ ಅನ್ನುತ್ತಾರೆ. ಕಾಕಾನ ಮಗಳು ತಟ್ಟೆ ಹಿಡಿದು ಫೋನಿನ ಮುಂದೆ ಕೂತಳು. ತುತ್ತು ಎತ್ತಿದವಳು ಬಾಯಿಗಿಡಲಾರದೆ ಬಿಕ್ಕಿದಳು. ಆ ಕಡೆ ಅಕ್ಕನೂ. ನಾನು ಅವಳ ಕೈಯಿಂದ ತಟ್ಟೆ ತೆಗೆದುಕೊಂಡೆ.

"ಯಾರವಾ ಇಕಿ?" ಎಂದರು ಅಕ್ಕ.

"ಮೆಲ್ಬರ್ನ್ ಪಾರ್ಕಲ್ಲಿ ಕಾಕಾನ ಎದುರು ಇದ್ದೆ ಅಜ್ಜಿ."

ಫೋನನ್ನು ಮುಖದ ಹತ್ತಿರಕ್ಕೆ ತಂದುಕೊಂಡರು. "ಯಾವಾಗ್ಲೂ ಅರಿವಿ ಒಗಿಯಾಕಿ ನೀನ ಹೌದಲ್ಲೋ?"

ಹೌದು ಎಂದೆ. ನಮ್ಮ ಬಗ್ಗೆ ಕಾಕಾ ಅಕ್ಕನಿಗೆ ಎಲ್ಲ ಹೇಳಿದ್ದರು.

"ನನಕಿಂತ ಸಣ್ಣಾಕಿ ಇದ್ದೀ. ಉಣ್ಣು ಮತ್ತ."

ಉಂಡೆ. ತುತ್ತನ್ನು ನೀರು ಕುಡಿದು ಇಳಿಸಿದೆ. ಅಕ್ಕ ತಟ್ಟೆಗೆ ಕೈ ಹಾಕಿದರು.

ಕಾಕಾನ ಮಗಳು ಕೆಲಸದಿಂದ ಮೆಟ್ರೋ ಹಿಡಿದು ಮನೆ ಸೇರುವುದು ತಡ. ಹಾಗಾಗಿ ದಿನವೂ ಅಕ್ಕನೆದುರು ಮೊದಲು ಉಣ್ಣುವ ಕೆಲಸ ನನ್ನ ಪಾಲಿಗೆ ಬಂತು, ಉಳಿದುಕೊಂಡಿತು. ಕ್ಲೈಡ್ ನಾರ್ತ್‌ನ ಈ ಮನೆಯಲ್ಲಿ ನೆಟ್ ಎಂದೂ ಕೈಕೊಟ್ಟಿಲ್ಲ. ಆದರೂ ಆರಕ್ಕೆ ಮುಂಚೆ ಒಮ್ಮೆ ಮೋಡೆಮ್ಮಿನ ದೀಪ ನೋಡಿ ಬರುತ್ತೇನೆ. ನನ್ನ ಮಗಳು ತನ್ನ ಗೇಮ್ ತಾನೇ ನಿಲ್ಲಿಸಿ, "ಮಾಮ್, ಇಟ್ಸ್ ಅಕ್ಕಾಸ್ ಟೈಮ್," ಎನ್ನುತ್ತಾಳೆ. ಎಷ್ಟೋ ಸಂಜೆ ನನಗೆ ಹಸಿವೇ ಇರುವುದಿಲ್ಲ. ಆಫೀಸಿನ ಕೆಲಸ ಮುಗಿದಿರುವುದಿಲ್ಲ, ಯಾರ ಮುಖವೂ ನೋಡುವುದು ಬೇಡ ಅನ್ನಿಸುವಷ್ಟು ದಣಿದಿರುತ್ತೇನೆ. ತಟ್ಟೆಗೆ ಬಡಿಸಿಕೊಂಡು, ಫೋನು ಒರಗಿಸಿ, ತುತ್ತೆತ್ತಿ ಕಾಯುತ್ತೇನೆ. ಧಾರವಾಡದ ಕೋಣೆ ಮೊದಲು ಮಸುಕಾಗಿ ಬರುತ್ತದೆ, ಆಮೇಲೆ ಆ ಮುಖ.

"ಈಗ ಕಾಣಸ್ತಿ," ಎನ್ನುತ್ತಾರೆ ಅಕ್ಕ. "ಉಣ್ಣು."