ಹಸನಬ್ಬ ಸರಿಮಾಡಿದ ನಡುಕ

ಹಳೆಯ ಆಂಪ್ಲಿಫೈಯರಿನ ವೈಬ್ರಾಟೊ, ಅಂದರೆ ಗಿಟಾರಿನ ಧ್ವನಿಯನ್ನು ಅಲೆಯಂತೆ ನಡುಗಿಸುವ ಗುಣ, ಈಗ ಕಾಲಿನಿಂದ ಒತ್ತುವ ಅಂಗೈಯಗಲದ ಪೆಡಲಿನಲ್ಲಿ ಸಿಗುತ್ತದೆ. ಮೂಡುಬಿದಿರೆಯಲ್ಲಿ ಓದುವ ಅಣ್ಣನ ಮಗಳು ನಿನ್ನೆ ಫೋನಿನಲ್ಲಿ ತಿಳಿಸಿ, ನುಡಿಸಿಯೂ ಕೇಳಿಸಿದಳು.

ನಾನು ಸಣ್ಣವಳಿದ್ದಾಗ ಅಪ್ಪ ಮದುವೆಗಳಲ್ಲಿ ಗಿಟಾರ್ ನುಡಿಸುತ್ತಿದ್ದರು. ಅವರ ಆಂಪ್ಲಿಫೈಯರ್ ಕೆಟ್ಟಾಗ ವಿಟ್ಲದ ರೇಡಿಯೋ ರಿಪೇರಿಯ ಹಸನಬ್ಬರಿಗೆ ಕೊಟ್ಟರು. ವೋಲ್ಟೇಜ್ ಏರಿಳಿದು ಊರಿನ ರೇಡಿಯೋಗಳ ಧ್ವನಿಯೆಲ್ಲ ನಡುಗುತ್ತಿದ್ದ ಕಾಲ. ಹಸನಬ್ಬ ವೈಬ್ರಾಟೊವನ್ನೂ ದೋಷವೆಂದು ತಿಳಿದು ಅದರ ವಯರುಗಳನ್ನೇ ಕಿತ್ತಿದ್ದರು.

“ಈಗ ಒಂಚೂರೂ ನಡುಗುದಿಲ್ಲ, ನೋಡಿ!” ಎಂದರು ಹೆಮ್ಮೆಯಿಂದ.

“ಅದು ನಡುಗ್ಲೇಬೇಕು ಮಾರಾಯಾ! ನಾಳೆ ಮದುವೆಗೆ ನುಡಿಸ್ಲಿಕ್ಕುಂಟು,” ಎಂದರು ಅಪ್ಪ.

ಯಾವ ವಯರು ಎಲ್ಲಿಗೆಂದು ತೋರಿಸುವ ನಕ್ಷೆ ಇರಲಿಲ್ಲ. ಹಸನಬ್ಬ ಕಿವಿಯೊಂದನ್ನೇ ನಂಬಿ, ವಯರುಗಳನ್ನು ಒಂದೊಂದಾಗಿ ಬೆಸೆಯುತ್ತಾ ಹೋದರು. ಸಂಜೆಯ ಹೊತ್ತಿಗೆ ಧ್ವನಿ ಮೊದಲಿಗಿಂತಲೂ ಮೆಲ್ಲಗೆ, ಚಂದವಾಗಿ ನಡುಗಿತು. ನಡುಕದ ಆ ವೇಗವನ್ನು ಅಪ್ಪ ಮತ್ತೆಂದೂ ಬದಲಿಸಲಿಲ್ಲ.

ಈ ಶನಿವಾರ ಬೆಳಿಗ್ಗೆ ಅಪ್ಪ, ಹಸನಬ್ಬ ಇಬ್ಬರೂ ಆ ಪೆಡಲ್ ಕೇಳಲು ಮೂಡುಬಿದಿರೆಗೆ ಹೋಗುತ್ತಾರೆ.